ಸರ್ವರ್ ಬದಲಾದ ಮೇಲೆ ಡೇಟಾಬೇಸ್ ತೆರೆಯುತ್ತಿಲ್ಲವೇ? ಬುಡದಿಂದ ಹುಡುಕುವ ಸಮಗ್ರ ಮಾರ್ಗದರ್ಶಿ

ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ 3051 ಸಂಖ್ಯೆಯ ಎರರ್ ಒಂದಿದೆ. ಅದು ಹೇಳುವುದಿಷ್ಟು: ಈ ಫೈಲನ್ನು ಬೇರೆ ಯಾರೋ ತಮಗೊಬ್ಬರಿಗೇ ಎಂಬಂತೆ ತೆರೆದುಕೊಂಡಿದ್ದಾರೆ, ಇಲ್ಲವೇ ಅದನ್ನು ನೋಡಲು, ಬರೆಯಲು ನಿಮಗೆ ಅನುಮತಿ ಬೇಕು. ಸರ್ವರ್ ಬದಲಾಯಿಸಿದ ಮರುದಿನ ಬೆಳಿಗ್ಗೆ ಈ ಸಂದೇಶ ಎದುರಿಸಿದವರಿಗೆ ಗೊತ್ತು, ನಡುವಿನ ಆ 'ಇಲ್ಲವೇ' ಅರ್ಧ ದಿನವನ್ನೇ ನುಂಗಿಬಿಡುತ್ತದೆ. ಲಾಕ್, ಅಂದರೆ ಯಾರೋ ಫೈಲನ್ನು ಹಿಡಿದಿಟ್ಟಿದ್ದಾರೆ ಎಂದುಕೊಂಡು ಎಲ್ಲರ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸುತ್ತೇವೆ. ಆಗದಿದ್ದರೆ ಅನುಮತಿಯ ದೋಷವೆಂದು ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟುಬಿಡುತ್ತೇವೆ. ಅದೂ ಆಗದಿದ್ದರೆ ಫೈಲೇ ಹಾಳಾಗಿದೆ ಎಂದು ರಿಪೇರಿಗೆ ಇಳಿಯುತ್ತೇವೆ.

ನನ್ನ ಅನುಭವದಲ್ಲಿ ಇಂಥ ಹೊತ್ತಿನಲ್ಲಿ ಫೈಲ್ ಹಾಳಾಗಿರುವುದು ಅಪರೂಪ. ಸರ್ವರಿನ ಹೆಸರು, ಎರಡು ಯಂತ್ರಗಳು ಮಾತಾಡುವ ಪ್ರೊಟೊಕಾಲ್, ಬಳಕೆದಾರರ ಗುರುತು, ಅನುಮತಿ, ಲಾಕ್, ಹೀಗೆ ಒಂದರ ಮೇಲೊಂದು ಪದರಗಳಿವೆ. ಕೆಳಗಿನ ಪದರ ಸರಿಯಿಲ್ಲದೆ ಮೇಲಿನದನ್ನು ತಿದ್ದಿದರೆ ಉಪಯೋಗವಿಲ್ಲ, ಆಮೇಲೆ ಏನು ತಿದ್ದಿದೆವು ಎಂಬುದೂ ನೆನಪಿರುವುದಿಲ್ಲ. ಇಲ್ಲಿ ಹೆಚ್ಚಾಗಿ ಹೇಳುವುದು ವಿಂಡೋಸ್ ಸರ್ವರಿನ ಶೇರ್ ಫೋಲ್ಡರಿನಲ್ಲಿಟ್ಟು ಹತ್ತಾರು ಜನ ಬಳಸುವ ಆಕ್ಸೆಸ್, ಫಾಕ್ಸ್‌ಪ್ರೊ ಮಾದರಿಯ ಫೈಲ್ ಡೇಟಾಬೇಸ್‌ಗಳ ಬಗ್ಗೆ. ಎಸ್‌ಕ್ಯುಎಲ್ ಸರ್ವರ್, ಮೈಎಸ್‌ಕ್ಯುಎಲ್‌ನಂಥವುಗಳ ಮಾತು ಕೊನೆಯಲ್ಲಿದೆ.

ಮುಟ್ಟುವ ಮುಂಚೆ

ಎಲ್ಲರನ್ನೂ ಡೇಟಾಬೇಸ್‌ನಿಂದ ಹೊರಗೆ ಬರಲು ಹೇಳಿ, ಫೈಲಿನ ಒಂದು ನಕಲು ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. ಫಾಕ್ಸ್‌ಪ್ರೊ ಆದರೆ ಡೇಟಾ ಇರುವ ಡಿಬಿಎಫ್ ಫೈಲ್ ಒಂದೇ ಸಾಲದು. ಇಂಡೆಕ್ಸ್ ಇರುವ ಸಿಡಿಎಕ್ಸ್, ಮೆಮೊ ಇರುವ ಎಫ್‌ಪಿಟಿ ಫೈಲುಗಳೂ ಜೊತೆಗಿರಬೇಕು. ನಕಲು ಕೈಯಲ್ಲಿದ್ದರೂ ಆಕ್ಸೆಸ್‌ನ ರಿಪೇರಿ ಆದೇಶವಾದ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಒತ್ತಬೇಡಿ. ಫೈಲ್ ಸರಿಯಿದ್ದರೆ ಅದರಿಂದ ಏನೂ ಸಿಗುವುದಿಲ್ಲ, ನೆಟ್‌ವರ್ಕ್ ನಡುವೆ ಕೈಕೊಟ್ಟರೆ ಸರಿಯಿದ್ದದ್ದೂ ಕೆಡುತ್ತದೆ.

ಎರಡನೆಯದು, ಹಳೆಯ ಸರ್ವರ್. ಅದನ್ನು ಅಳಿಸಬೇಡಿ, ಆದರೆ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತಿಡಿ. ಒಮ್ಮೆ ಯಾವುದೋ ಪ್ರಿಂಟರ್ ಡ್ರೈವರ್ ಬೇಕೆಂದು ಹಳೆಯ ಸರ್ವರನ್ನು ಮತ್ತೆ ಆನ್ ಮಾಡಿ ಮರೆತಿದ್ದೆ. ಮೂವರ ಕಂಪ್ಯೂಟರ್‌ಗಳು ಸದ್ದಿಲ್ಲದೆ ಅದರ ಮೇಲಿನ ಹಳೆಯ ಫೈಲಿಗೇ ಎರಡು ದಿನ ಬರೆದವು. ಎರರ್ ಒಂದೂ ಬರಲಿಲ್ಲ, 'ನಿನ್ನೆ ಹಾಕಿದ ಎಂಟ್ರಿ ಕಾಣುತ್ತಿಲ್ಲ' ಎಂಬ ದೂರು ಮಾತ್ರ ಬಂತು. ಎರಡೂ ಕಡೆಯ ದಾಖಲೆಗಳನ್ನು ಕೈಯಿಂದ ಕೂಡಿಸಲು ಒಂದು ವಾರ ಹಿಡಿಯಿತು. ಹಾಗಾಗಿ ಮೊದಲು ಹಳೆಯ ಸರ್ವರಿನಲ್ಲಿರುವ ಫೈಲಿನ ಕೊನೆಯ ಬದಲಾವಣೆಯ ದಿನಾಂಕ ನೋಡಿ. ಅದು ವರ್ಗಾವಣೆಯ ನಂತರದ್ದಾಗಿದ್ದರೆ ಉಳಿದದ್ದೆಲ್ಲ ಆಮೇಲೆ.

ಹೆಜ್ಜೆ 1: ಮೂರು ಪ್ರಶ್ನೆ ಕೇಳಿ

ತೊಂದರೆ ಎಲ್ಲರಿಗೂ ಇದೆಯೋ, ಒಬ್ಬಿಬ್ಬರಿಗೋ? ಅದೇ ಶೇರ್‌ನಲ್ಲಿರುವ ಸಾಮಾನ್ಯ ಫೈಲುಗಳು ತೆರೆಯುತ್ತಿವೆಯೋ? ಡೇಟಾಬೇಸ್ ತೆರೆಯುವುದೇ ಇಲ್ಲವೋ, ತೆರೆದು ಬರೆಯಲು ಬಿಡುತ್ತಿಲ್ಲವೋ, ಅಥವಾ ಚೆನ್ನಾಗಿ ನಡೆಯುತ್ತಿದ್ದು ನಡುವೆ ಕಡಿದುಹೋಗುತ್ತಿದೆಯೋ?

ಒಬ್ಬರಿಗೆ ಮಾತ್ರವಾದರೆ ಅವರ ಕಂಪ್ಯೂಟರ್ ಅಥವಾ ಅಕೌಂಟ್ ಕಡೆ ನೋಡಿ. ಯಾವ ಫೈಲೂ ತೆರೆಯದಿದ್ದರೆ ಹೆಜ್ಜೆ 2ರಿಂದ 4. ಬೇರೆಲ್ಲ ತೆರೆದು ಡೇಟಾಬೇಸ್ ಮಾತ್ರ ಹಟ ಹಿಡಿದರೆ ನೇರವಾಗಿ ಹೆಜ್ಜೆ 5ಕ್ಕೆ ಹೋಗಬಹುದು. ನಡುವೆ ಕಡಿಯುತ್ತಿದ್ದರೆ ಹೆಜ್ಜೆ 7.

ಸಂದೇಶದ ಸಂಖ್ಯೆಯನ್ನು ಬರೆದುಕೊಳ್ಳಿ. ಬಳಕೆದಾರರು 'ಏನೋ ಎರರ್ ಬಂತು' ಎನ್ನುತ್ತಾರೆ, ಸ್ಕ್ರೀನಿನ ಫೋಟೊ ಕೇಳಿ. ವಿಂಡೋಸ್‌ನ 53 ಎಂದರೆ ದಾರಿಯೇ ಸಿಕ್ಕಿಲ್ಲ, 67 ಎಂದರೆ ನೆಟ್‌ವರ್ಕ್ ಹೆಸರು, ಸಾಮಾನ್ಯವಾಗಿ ಶೇರ್ ಹೆಸರು, ಸಿಕ್ಕಿಲ್ಲ, 1326 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, 5 ಎಂದರೆ ಅನುಮತಿಯಿಲ್ಲ, 32 ಎಂದರೆ ಬೇರೊಂದು ಪ್ರೋಗ್ರಾಂ ಫೈಲನ್ನು ಹಿಡಿದುಕೊಂಡಿದೆ. ಆಕ್ಸೆಸ್‌ನ 3024 ಫೈಲ್ ಸಿಕ್ಕಿಲ್ಲ ಎನ್ನುತ್ತದೆ, 3043 ಡಿಸ್ಕ್ ಅಥವಾ ನೆಟ್‌ವರ್ಕ್ ತೊಂದರೆ ಎನ್ನುತ್ತದೆ, 3343 ಫೈಲಿನ ರೂಪವೇ ಗುರುತಾಗುತ್ತಿಲ್ಲ ಎನ್ನುತ್ತದೆ. ಕೊನೆಯದು ಬಂದಾಗ ಮಾತ್ರ ನಾನು ಫೈಲಿನ ಮೇಲೆ ಅನುಮಾನ ಪಡುತ್ತೇನೆ. ಆಗಲೂ ಮೊದಲ ಪ್ರಶ್ನೆ, ನಕಲು ಪೂರ್ತಿ ಆಗಿದೆಯೇ ಎಂಬುದು. ಹಳೆಯ ಮತ್ತು ಹೊಸ ಫೈಲಿನ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ.

ಹೆಜ್ಜೆ 2: ಹೆಸರು ಯಾರ ಮನೆ ಬಾಗಿಲು ತಟ್ಟುತ್ತಿದೆ?

ಸರ್ವರಿಗೆ ಕಳಿಸಿದ ಪಿಂಗ್‌ಗೆ ಉತ್ತರ ಬರುತ್ತಿದೆ ಎಂಬುದು ಪುರಾವೆಯಲ್ಲ. ಪಿಂಗ್ ಬಳಸುವುದು ಐಸಿಎಂಪಿ ಎಂಬ ಬೇರೆಯೇ ಪ್ರೊಟೊಕಾಲ್, ಫೈಲ್ ಹಂಚಿಕೆ ನಡೆಯುವುದು ಟಿಸಿಪಿ 445ನೇ ಪೋರ್ಟಿನಲ್ಲಿ. ಬಳಕೆದಾರರ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ ಸರ್ವರ್ ಹೆಸರನ್ನೂ 445 ಪೋರ್ಟನ್ನೂ ಕೊಟ್ಟು ನೋಡಿ. ವಿಫಲವಾದರೆ ಹೊಸ ಸರ್ವರಿನ ಫೈರ್‌ವಾಲ್ ನೋಡಿ. ಅದರ ನೆಟ್‌ವರ್ಕ್ 'ಪಬ್ಲಿಕ್' ಎಂದು ಗುರುತಾಗಿ ಹಂಚಿಕೆಗೆ ತಡೆ ಬಿದ್ದಿರುವುದು ಸಾಮಾನ್ಯ.

ಸಫಲವಾದರೆ, ಉತ್ತರದಲ್ಲಿ ತೋರಿಸಿದ ಐಪಿ ವಿಳಾಸ ಹೊಸ ಸರ್ವರಿನದೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯದಾದರೆ ಹೆಸರಿಗೆ ಐಪಿ ವಿಳಾಸ ಹೊಂದಿಸುವ ಡಿಎನ್‌ಎಸ್‌ನ ದಾಖಲೆ ತಿದ್ದಿ, ಐಪಿಕಾನ್ಫಿಗ್ ಆದೇಶದ ಫ್ಲಶ್‌ಡಿಎನ್‌ಎಸ್ ಆಯ್ಕೆಯಿಂದ ಕಂಪ್ಯೂಟರಿನ ಹಳೆಯ ನೆನಪು ತೊಳೆಯಿರಿ. ಹೆಸರು, ವಿಳಾಸಗಳನ್ನು ಕೈಯಿಂದ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಯಾರೋ ವರ್ಷಗಳ ಹಿಂದೆ ಬರೆದಿಟ್ಟ ಸಾಲು ಇದೆಯೇ ಎಂದೂ ನೋಡಿ.

ಇನ್ನೊಂದು ಸಣ್ಣ ಪರೀಕ್ಷೆ ತುಂಬ ಹೇಳುತ್ತದೆ. ಶೇರನ್ನು ಒಮ್ಮೆ ಹೆಸರಿನಿಂದ, ಒಮ್ಮೆ ಐಪಿ ವಿಳಾಸದಿಂದ ತೆರೆಯಿರಿ. ಡೊಮೈನ್‌ನಲ್ಲಿ, ಅಂದರೆ ಎಲ್ಲ ಅಕೌಂಟ್‌ಗಳನ್ನೂ ಒಂದೇ ಕಡೆಯಿಂದ ನಡೆಸುವ ನೆಟ್‌ವರ್ಕ್‌ನಲ್ಲಿ, ಹೆಸರಿನಿಂದ ಹೋದರೆ ಕರ್ಬರೋಸ್ ಎಂಬ ವಿಧಾನ, ಐಪಿಯಿಂದ ಹೋದರೆ ಸಾಮಾನ್ಯವಾಗಿ ಎನ್‌ಟಿಎಲ್‌ಎಂ ಎಂಬ ಹಳೆಯ ವಿಧಾನ ಗುರುತು ಪರಿಶೀಲಿಸುತ್ತದೆ. ಐಪಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ಡಿಎನ್‌ಎಸ್ ಅಥವಾ ಕರ್ಬರೋಸ್ ಕಡೆ ಬೆರಳು ತೋರಿಸಬಹುದು. ಎರಡು ಯಂತ್ರಗಳ ಗಡಿಯಾರದ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕರ್ಬರೋಸ್ ಮೂಲ ಸೆಟ್ಟಿಂಗ್‌ನಲ್ಲಿ ಒಪ್ಪುವುದಿಲ್ಲ. ಹೊಸ ಯಂತ್ರಕ್ಕೆ ಹಳೆಯ ಹೆಸರನ್ನು ಅಡ್ಡಹೆಸರಾಗಿ ಕೊಟ್ಟಿದ್ದರೆ, ಡಿಎನ್‌ಎಸ್‌ನಲ್ಲಿ ಸಿನೇಮ್ ಎಂಬ ಅಡ್ಡಹೆಸರಿನ ಸಾಲು ಬರೆದಷ್ಟಕ್ಕೇ ಮುಗಿಯುವುದಿಲ್ಲ. ನೆಟ್‌ಡಾಮ್ ಆದೇಶದ ಕಂಪ್ಯೂಟರ್‌ನೇಮ್ ಆಯ್ಕೆಯಿಂದ ಆ ಹೆಸರನ್ನು ಸರ್ವರಿಗೇ ಸೇರಿಸುವುದು ಸರಿಯಾದ ದಾರಿ.

ಹಳೆಯ ದಾರಿ ಅಡಗಿ ಕೂರುವ ಜಾಗಗಳು ಹಲವು: ಮ್ಯಾಪ್ ಮಾಡಿದ ಡ್ರೈವ್, ಶಾರ್ಟ್‌ಕಟ್‌ನ 'ಸ್ಟಾರ್ಟ್ ಇನ್' ಪೆಟ್ಟಿಗೆ, ಸಾಫ್ಟ್‌ವೇರಿನ ಸೆಟ್ಟಿಂಗ್ ಇರುವ ಐಎನ್‌ಐ ಫೈಲ್, ಓಡಿಬಿಸಿ ಡಿಎಸ್‌ಎನ್ (ಪ್ರೋಗ್ರಾಂಗಳು ಡೇಟಾಬೇಸ್ ತಲುಪಲು ಬಳಸುವ ಸಂಪರ್ಕದ ವಿವರ), ನಿಗದಿತ ಕೆಲಸಗಳು. ಆಕ್ಸೆಸ್‌ನ ಮುಂಭಾಗ (ಫಾರ್ಮ್‌ಗಳಿರುವುದು) ಮತ್ತು ಹಿಂಭಾಗದ (ಟೇಬಲ್‌ಗಳಿರುವುದು) ಫೈಲುಗಳು ಬೇರೆಬೇರೆಯಾಗಿದ್ದರೆ ಲಿಂಕ್ಡ್ ಟೇಬಲ್ ಮ್ಯಾನೇಜರ್ ತೆರೆದು ಪ್ರತಿ ಟೇಬಲ್ಲಿನ ದಾರಿಯನ್ನೂ ಓದಿ. ಕೆಲವು ಹೊಸದಕ್ಕೆ, ಕೆಲವು ಹಳೆಯದಕ್ಕೆ ತೋರಿಸುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಹೆಜ್ಜೆ 3: ಎರಡೂ ಕಡೆ ಒಂದೇ ಭಾಷೆ ಆಡುತ್ತಿವೆಯೇ?

ವಿಂಡೋಸ್ ಫೈಲ್ ಹಂಚಿಕೆಯ ಪ್ರೊಟೊಕಾಲ್ ಎಸ್‌ಎಂಬಿ. ಅದರ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ರ‍್ಯಾನ್ಸಮ್‌ವೇರ್ ನುಗ್ಗಿದ್ದೂ ಇದರ ದೋಷದಿಂದಲೇ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಸ್ಥಾಪನೆಯಾಗುವುದಿಲ್ಲ. ಲಿನಕ್ಸ್ ಕಡೆ ಇದೇ ಹಂಚಿಕೆಯ ಕೆಲಸ ಮಾಡುವ ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಅದನ್ನು ಆಫ್ ಮಾಡಿಟ್ಟಿದೆ. ಹಾಗಾಗಿ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರ ಹೊಸ ಸರ್ವರಿನ ಬಾಗಿಲಲ್ಲೇ ನಿಲ್ಲುತ್ತದೆ. ಹೊಸ ವಿಂಡೋಸ್‌ನಿಂದ ಎಸ್‌ಎಂಬಿ 1 ಮಾತ್ರ ಬಲ್ಲ ಹಳೆಯ ಸರ್ವರಿಗೆ ಹೋದರೆ 384ನೇ ಎರರ್ ಬರುತ್ತದೆ.

ಸುಲಭದ ದಾರಿ ಎಂದು ಎಸ್‌ಎಂಬಿ 1 ಮತ್ತೆ ಆನ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಮಾಡಬೇಡಿ. ಒಂದು ಹಳೆಯ ಯಂತ್ರಕ್ಕಾಗಿ ಇಡೀ ಸರ್ವರಿನ ಹಿಂಬಾಗಿಲು ತೆರೆದಂತಾಗುತ್ತದೆ. ಆ ಯಂತ್ರವನ್ನು ಬದಲಾಯಿಸಿ.

ಈಚಿನ ತೊಡಕು ಬೇರೆ ಥರದ್ದು. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಮತ್ತು ಎಂಟರ್‌ಪ್ರೈಸ್‌ಗಳಲ್ಲಿ ಎಸ್‌ಎಂಬಿ ಸಹಿ (ಸಂದೇಶ ಅಸಲಿಯೆಂದು ತೋರಿಸುವ ಗುರುತು) ಕಡ್ಡಾಯ, ಅತಿಥಿಯಾಗಿ ಒಳಗೆ ಬಿಡುವುದೂ ಇಲ್ಲ. ಪಾಸ್‌ವರ್ಡ್ ಇಲ್ಲದ ಶೇರ್‌ಗೆ ಒಗ್ಗಿಹೋದ ಸಣ್ಣ ಕಚೇರಿಗಳು ಇಲ್ಲಿ ಎಡವುತ್ತವೆ. 1272 ಎಂಬ ಸಂಖ್ಯೆ ಕಂಡರೆ ಇದೇ ಕಾರಣ. ಪರಿಹಾರ ಸರಳ: ಸರ್ವರಿನಲ್ಲಿ ನಿಜವಾದ ಅಕೌಂಟ್ ಮಾಡಿ, ಪಾಸ್‌ವರ್ಡ್ ಕೊಡಿ. ಯಾವ ಆವೃತ್ತಿಯಲ್ಲಿ ಸಂಪರ್ಕವಾಗಿದೆ ಎಂದು ತಿಳಿಯಲು ಗೆಟ್-ಎಸ್‌ಎಂಬಿಕನೆಕ್ಷನ್ ಆದೇಶದ ಡಯಲೆಕ್ಟ್ ಕಾಲಂ ನೋಡಿ.

ಹೆಜ್ಜೆ 4: ನೀವು ಯಾರೆಂದು ಸರ್ವರಿಗೆ ಗೊತ್ತೇ?

ಹಳೆಯ ಪಾಸ್‌ವರ್ಡ್ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದಿರುತ್ತದೆ. ಅದನ್ನು ಅಳಿಸಿ, ನೆಟ್ ಯೂಸ್ ಆದೇಶದಿಂದ ಹಳೆಯ ಸಂಪರ್ಕಗಳನ್ನು ಕಡಿದು, ಲಾಗಾಫ್ ಆಗಿ ಮತ್ತೆ ಬನ್ನಿ. 1219 ಬಂದರೆ ಒಂದೇ ಸರ್ವರಿಗೆ ಎರಡು ಬೇರೆ ಹೆಸರುಗಳಿಂದ ಸಂಪರ್ಕ ಹೋಗುತ್ತಿದೆ ಎಂದರ್ಥ.

ಡೊಮೈನ್ ಇಲ್ಲದ ಕಡೆ ಇನ್ನೊಂದು ಗೊಂದಲವಿದೆ. ಹಳೆಯ ಸರ್ವರಿನ ಬಳಕೆದಾರರನ್ನು ಹೊಸದರಲ್ಲಿ ಅದೇ ಹೆಸರಿನಿಂದ ಸೃಷ್ಟಿಸಿದರೂ ವಿಂಡೋಸ್ ಅವರನ್ನು ಬೇರೆಯವರೆಂದೇ ಎಣಿಸುತ್ತದೆ. ಅದು ಗುರುತಿಸುವುದು ಹೆಸರನ್ನಲ್ಲ, ಎಸ್‌ಐಡಿ ಎಂಬ ಉದ್ದ ಸಂಖ್ಯೆಯನ್ನು. ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ಹೆಸರಿನ ಬದಲು ಎಸ್-1-5-21 ಎಂದು ಶುರುವಾಗುವ ಅಂಕಿಗಳ ಸಾಲು ಕಂಡರೆ ಅದು ಈ ಸರ್ವರಿಗೆ ಗುರುತು ಸಿಗದ ಅಕೌಂಟ್, ಬಹುಮಟ್ಟಿಗೆ ಹಳೆಯ ಸರ್ವರಿನಿಂದ ಬಂದದ್ದು. ಆ ಸಾಲುಗಳನ್ನು ತೆಗೆದು ಹೊಸ ಅಕೌಂಟ್‌ಗಳನ್ನು ಸೇರಿಸಿ.

ಹೆಜ್ಜೆ 5: ಅನುಮತಿ, ಫೈಲಿಗಲ್ಲ, ಫೋಲ್ಡರಿಗೆ

ಹೆಚ್ಚಿನ ಪ್ರಕರಣಗಳು ಇಲ್ಲೇ ಬಗೆಹರಿಯುತ್ತವೆ, ಆದ್ದರಿಂದ ನಿಧಾನವಾಗಿ ನೋಡೋಣ.

ನೆಟ್‌ವರ್ಕ್ ಮೂಲಕ ಬರುವವರು ಎರಡು ಬಾಗಿಲು ದಾಟಬೇಕು. ಒಂದು ಶೇರ್‌ನ ಅನುಮತಿ, ಇನ್ನೊಂದು ಡಿಸ್ಕಿನಲ್ಲಿ ಫೈಲ್, ಫೋಲ್ಡರಿಗೇ ಇರುವ ಎನ್‌ಟಿಎಫ್‌ಎಸ್ ಅನುಮತಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಹೊಸ ಶೇರ್ ಮಾಡಿದರೆ ವಿಂಡೋಸ್ ತಾನಾಗಿ ಕೊಡುವುದು 'ಎವರಿಒನ್' ಗುಂಪಿಗೆ ಓದುವ ಹಕ್ಕು ಮಾತ್ರ. ಎನ್‌ಟಿಎಫ್‌ಎಸ್ ಕಡೆ ಎಷ್ಟು ಉದಾರವಾಗಿದ್ದರೂ ಬರೆಯಲು ಆಗುವುದಿಲ್ಲ. ಸರ್ವರಿನ ಮುಂದೆಯೇ ಕುಳಿತು ಪರೀಕ್ಷಿಸಿದ ಅಡ್ಮಿನ್‌ಗೆ ಎಲ್ಲ ಸರಿಯಾಗಿ ಕಾಣುತ್ತದೆ, ಏಕೆಂದರೆ ಅವರು ಶೇರ್ ಬಾಗಿಲು ದಾಟಿಯೇ ಇಲ್ಲ. ಪರೀಕ್ಷೆ ಯಾವಾಗಲೂ ಬಳಕೆದಾರರ ಯಂತ್ರದಿಂದ, ಬಳಕೆದಾರರ ಅಕೌಂಟಿನಿಂದ ನಡೆಯಬೇಕು.

ಮುಂದಿನದು ಫೋಲ್ಡರ್. ಆಕ್ಸೆಸ್ ತನ್ನ ಡೇಟಾಬೇಸ್ ಆದ ಎಸಿಸಿಡಿಬಿ ಫೈಲನ್ನು ಹಂಚಿಕೊಂಡು ತೆರೆಯುವಾಗ ಪಕ್ಕದಲ್ಲೇ ಎಲ್‌ಎಸಿಸಿಡಿಬಿ ಎಂಬ ಪುಟ್ಟ ಲಾಕ್ ಫೈಲನ್ನು ಹುಟ್ಟಿಸುತ್ತದೆ. ಹಳೆಯ ಎಂಡಿಬಿಗಾದರೆ ಅದರ ಹೆಸರು ಎಲ್‌ಡಿಬಿ. ಕೊನೆಯವರು ಹೊರಬರುವಾಗ ಅದು ಅಳಿಯುತ್ತದೆ. ಅಂದರೆ ಬಳಕೆದಾರರಿಗೆ ಡೇಟಾಬೇಸ್ ಫೈಲಿನ ಮೇಲೆ ಬರೆಯುವ ಹಕ್ಕು ಇದ್ದರೆ ಸಾಲದು, ಆ ಫೋಲ್ಡರಿನಲ್ಲಿ ಹೊಸ ಫೈಲ್ ಸೃಷ್ಟಿಸುವ, ಅಳಿಸುವ ಹಕ್ಕೂ ಬೇಕು. 'ಸುರಕ್ಷತೆ'ಗೆಂದು ಅಳಿಸುವ ಹಕ್ಕನ್ನು ಕಿತ್ತುಕೊಂಡ ಕಡೆಗಳಲ್ಲೇ ಕೊನೆಯ ಬಳಕೆದಾರರು ಹೋದ ಮೇಲೂ ಲಾಕ್ ಫೈಲ್ ಹಾಗೇ ಬಿದ್ದಿರುತ್ತದೆ.

ಪರೀಕ್ಷೆಗೆ ಯಾವ ಸಾಧನವೂ ಬೇಡ. ತೊಂದರೆ ಇರುವವರ ಕಂಪ್ಯೂಟರಿನಿಂದ ಆ ಫೋಲ್ಡರಿಗೆ ಹೋಗಿ ಒಂದು ನೋಟ್‌ಪ್ಯಾಡ್ ಫೈಲ್ ಮಾಡಿ, ಹೆಸರು ಬದಲಿಸಿ, ಅಳಿಸಿ. ಮೂರರಲ್ಲಿ ಯಾವುದು ಆಗದಿದ್ದರೂ ಕಾರಣ ಕೈಗೆ ಸಿಕ್ಕಿತು.

ಸರಿಪಡಿಸುವ ಕ್ರಮ ಹೀಗಿರಲಿ. ಬಳಸುವವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ. ಶೇರ್‌ನಲ್ಲಿ ಆ ಗುಂಪಿಗೆ 'ಚೇಂಜ್' ಕೊಡಿ. ಎನ್‌ಟಿಎಫ್‌ಎಸ್‌ನಲ್ಲಿ 'ಮಾಡಿಫೈ' ಕೊಟ್ಟು, ಅದು ಈ ಫೋಲ್ಡರ್, ಒಳಫೋಲ್ಡರ್, ಫೈಲು ಎಲ್ಲಕ್ಕೂ ಅನ್ವಯಿಸುವಂತೆ ಆಯ್ಕೆ ಮಾಡಿ. ಗುಂಪಿಗೆ ಈಗಷ್ಟೇ ಸೇರಿದವರು ಲಾಗಾಫ್ ಆಗಿ ಬರಬೇಕು, ಗುಂಪುಗಳ ಪಟ್ಟಿ ಲಾಗಿನ್ ಹೊತ್ತಿನಲ್ಲೇ ಸಿದ್ಧವಾಗುತ್ತದೆ. ಇದನ್ನು ಮರೆತು ಸರಿಯಾದ ಅನುಮತಿಯನ್ನೇ ತಪ್ಪೆಂದು ತಿರುಚುವವರು ಬಹಳ.

'ಎವರಿಒನ್'ಗೆ 'ಫುಲ್ ಕಂಟ್ರೋಲ್' ಕೊಡುವ ಚಾಳಿ ಬೇಡ. ಡೇಟಾಬೇಸ್ ನಡೆಯಲು 'ಮಾಡಿಫೈ' ಸಾಕು. 'ಫುಲ್ ಕಂಟ್ರೋಲ್' ಮುಖ್ಯವಾಗಿ ಹೆಚ್ಚು ಕೊಡುವುದು ಅನುಮತಿಗಳನ್ನೇ ಬದಲಿಸುವ ಮತ್ತು ಮಾಲೀಕತ್ವ ಕಿತ್ತುಕೊಳ್ಳುವ ಶಕ್ತಿಯನ್ನು. ಅದು ಯಾವ ಗುಮಾಸ್ತರಿಗೂ ಬೇಕಿಲ್ಲ.

ಈ ಅವಾಂತರ ಆದದ್ದಾದರೂ ಹೇಗೆ? ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ನಕಲು ಮಾಡಿದಾಗ ಫೈಲುಗಳು ಹೊಸ ತಾಯಿ ಫೋಲ್ಡರಿನ ಅನುಮತಿಯನ್ನು ಪಡೆಯುತ್ತವೆ, ಹಳೆಯದು ಬರುವುದಿಲ್ಲ. ವಿಂಡೋಸ್‌ನ ನಕಲು ಆದೇಶವಾದ ರೋಬೊಕಾಪಿ ಕೂಡ ಕೇಳದ ಹೊರತು ಒಯ್ಯುವುದು ಡೇಟಾ, ಗುಣಲಕ್ಷಣ, ಸಮಯ ಇಷ್ಟನ್ನೇ. 'ಸೆಕ್' ಅಥವಾ 'ಕಾಪಿಆಲ್' ಆಯ್ಕೆ ಕೊಟ್ಟರೆ ಎನ್‌ಟಿಎಫ್‌ಎಸ್ ಅನುಮತಿ ಬರುತ್ತದೆ. ಶೇರ್‌ನ ಅನುಮತಿ ಆಗಲೂ ಬರುವುದಿಲ್ಲ, ಅದು ಇರುವುದು ಹಳೆಯ ಸರ್ವರಿನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರದಲ್ಲಿ.

ಹೆಜ್ಜೆ 6: ಆ 'ಇಲ್ಲವೇ'ಯನ್ನು ಒಡೆಯುವುದು

ಅನುಮತಿಯೋ ಲಾಕೋ ಎಂಬುದು ಇನ್ನೂ ತೀರ್ಮಾನವಾಗದಿದ್ದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಪ್ರೊಸೆಸ್ ಮಾನಿಟರ್ ಎಂಬ ಉಚಿತ ಸಾಧನ ತೀರ್ಪು ಕೊಡುತ್ತದೆ. ಬಳಕೆದಾರರ ಯಂತ್ರದಲ್ಲಿ ಅದನ್ನು ಓಡಿಸಿ, ಫೈಲಿನ ಹೆಸರಿನಿಂದ ಫಿಲ್ಟರ್ ಹಾಕಿ, ಡೇಟಾಬೇಸ್ ತೆರೆಯಲು ಯತ್ನಿಸಿ. ರಿಸಲ್ಟ್ ಕಾಲಂನಲ್ಲಿ 'ಆಕ್ಸೆಸ್ ಡಿನೈಡ್' ಬಂದರೆ ಅನುಮತಿ, ಹೆಜ್ಜೆ 5ಕ್ಕೆ ಹಿಂತಿರುಗಿ. 'ಶೇರಿಂಗ್ ವಯಲೇಶನ್' ಬಂದರೆ ಯಾರೋ ಹಿಡಿದಿದ್ದಾರೆ. ಯಾವ ಫೈಲಿನ ಮೇಲೆ ಬಂತೆಂಬುದನ್ನೂ ಗಮನಿಸಿ. ಡೇಟಾಬೇಸ್ ಸಲೀಸಾಗಿ ತೆರೆದು ಲಾಕ್ ಫೈಲಿನ ಮೇಲೆ ನಿರಾಕರಣೆ ಬಂದಿರುವ ಸಾಲು ಕಂಡಾಗ ಸಿಗುವ ನೆಮ್ಮದಿಯೇ ಬೇರೆ.

ಹಿಡಿದವರನ್ನು ಹುಡುಕಲು ಸರ್ವರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್ ಅಡಿಯ 'ಓಪನ್ ಫೈಲ್ಸ್' ನೋಡಿ. ಹೆಸರು ಸಿಕ್ಕರೆ ಅವರಿಗೆ ಹೇಳಿ ಮುಚ್ಚಿಸಿ. ಬಲವಂತವಾಗಿ ಇಲ್ಲಿಂದಲೇ ಮುಚ್ಚುವುದು ಕೊನೆಯ ಉಪಾಯ, ಬರೆಯುತ್ತಿರುವ ಫೈಲನ್ನು ಹಾಗೆ ಕಡಿದರೆ ನಿಜವಾಗಿಯೂ ಕೆಡುತ್ತದೆ. ಪಟ್ಟಿಯಲ್ಲಿ ಯಾರೂ ಇಲ್ಲದಿದ್ದರೆ ಹಿಡಿದದ್ದು ಸರ್ವರಿನ ಒಳಗಿನದೇ: ಹೊಸದಾಗಿ ಹಾಕಿದ ಆಂಟಿವೈರಸ್ ಅಥವಾ ಬ್ಯಾಕಪ್. ಆಂಟಿವೈರಸ್‌ನ ನೈಜ ಸಮಯದ ತಪಾಸಣೆಯಿಂದ ಡೇಟಾಬೇಸ್ ಫೈಲನ್ನೂ ಅದರ ಲಾಕ್ ಫೈಲನ್ನೂ ಹೊರಗಿಡಿ.

ಹೆಜ್ಜೆ 7: ತೆರೆಯುತ್ತದೆ, ಆದರೆ ಬಾಳುವುದಿಲ್ಲ

ಎಲ್ಲಕ್ಕಿಂತ ಕಿರಿಕಿರಿಯ ಪ್ರಕರಣ ಇದು. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ 'ಡೇಟಾಬೇಸ್ ಅಸ್ಥಿರ ಸ್ಥಿತಿಯಲ್ಲಿದೆ' ಎನ್ನುತ್ತದೆ, ಅಥವಾ ಫಾಕ್ಸ್‌ಪ್ರೊ ಇಂಡೆಕ್ಸ್ ಹೊಂದುತ್ತಿಲ್ಲ ಎನ್ನುತ್ತದೆ.

ಕಾರಣ, ಎಸ್‌ಎಂಬಿಯ ಹೊಸ ಆವೃತ್ತಿಗಳು ವೇಗಕ್ಕಾಗಿ ಫೈಲಿನ ಮಾಹಿತಿಯನ್ನು ಬಳಕೆದಾರರ ಯಂತ್ರದಲ್ಲೇ ನೆನಪಿಟ್ಟುಕೊಳ್ಳುತ್ತವೆ. ಒಂದೇ ಫೈಲಿಗೆ ಹತ್ತು ಜನ ಬರೆಯುವ ಹಳೆಯ ಡೇಟಾಬೇಸ್‌ಗಳಿಗೆ ಆ ನೆನಪು ಹಳಸಿದ್ದೆಂದು ತಿಳಿಯುವುದಿಲ್ಲ. 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿ ಬಂದ ಮೇಲೆ ಆಕ್ಸೆಸ್ ಬಳಸುವವರಿಂದ ಈ ದೂರು ಹೆಚ್ಚಾಯಿತು. ಫೈಲ್ ಸರ್ವರಿನಲ್ಲಿ ಲೀಸಿಂಗ್, ಅಂದರೆ ಹೀಗೆ ನೆನಪಿಟ್ಟುಕೊಳ್ಳಲು ಕೊಡುವ ಒಪ್ಪಿಗೆ, ಆಫ್ ಮಾಡುವುದು ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ. ಹೊಸ ಸರ್ವರ್‌ಗಳಲ್ಲಿ ಪವರ್‌ಶೆಲ್‌ನ ಸೆಟ್-ಎಸ್‌ಎಂಬಿಸರ್ವರ್‌ಕಾನ್ಫಿಗರೇಶನ್ ಆದೇಶದ 'ಎನೇಬಲ್‌ಲೀಸಿಂಗ್' ಆಯ್ಕೆಯಿಂದ ಇದು ಆಗುತ್ತದೆ. ಅದು ಇಡೀ ಸರ್ವರಿಗೆ ಅನ್ವಯಿಸುವುದರಿಂದ ಉಳಿದ ಫೈಲುಗಳ ವೇಗ ಸ್ವಲ್ಪ ತಗ್ಗಬಹುದು. ಡೇಟಾಬೇಸ್ ಇರುವ ಶೇರ್‌ನಲ್ಲಿ ಆಫ್‌ಲೈನ್ ಫೈಲ್ಸ್ ಕ್ಯಾಶಿಂಗನ್ನೂ ಆಫ್ ಮಾಡಿ.

ಫಾಕ್ಸ್‌ಪ್ರೊ ಕಡೆಯವರು ಬಳಕೆದಾರರ ಯಂತ್ರದ ರಿಜಿಸ್ಟ್ರಿಯಲ್ಲಿ ಮೂರು ಕ್ಯಾಶ್ (ನೆನಪಿಟ್ಟುಕೊಳ್ಳುವ) ಅವಧಿಗಳನ್ನು ಸೊನ್ನೆ ಮಾಡುವುದುಂಟು: ಫೈಲ್ ಮಾಹಿತಿಯದು, ಡೈರೆಕ್ಟರಿಯದು, 'ಫೈಲ್ ಸಿಗಲಿಲ್ಲ' ಎಂಬುದರದು. ಇವುಗಳ ಮೂಲ ಅವಧಿ ಕ್ರಮವಾಗಿ 10, 10, 5 ಸೆಕೆಂಡು. ಸಾಂಬಾ ಸರ್ವರಾದರೆ ಅದರ ಸೆಟ್ಟಿಂಗ್ ಫೈಲಿನ 'ವೀಟೊ ಆಪ್‌ಲಾಕ್ ಫೈಲ್ಸ್' ಸಾಲಿನಲ್ಲಿ ಎಂಡಿಬಿ, ಎಸಿಸಿಡಿಬಿ, ಡಿಬಿಎಫ್, ಸಿಡಿಎಕ್ಸ್ ವಿಸ್ತರಣೆಗಳನ್ನು ಸೇರಿಸಿದರೆ ಉಳಿದ ಫೈಲುಗಳ ವೇಗ ಕೆಡದೆ ಇವಕ್ಕೆ ಮಾತ್ರ ಕ್ಯಾಶ್ ನಿಲ್ಲುತ್ತದೆ.

ನೆಟ್‌ವರ್ಕ್ ಕಾರ್ಡಿನ ವಿದ್ಯುತ್ ಉಳಿತಾಯವನ್ನು ಆಫ್ ಮಾಡಿ. ವೈಫೈಯಲ್ಲಿ ಇಂಥ ಡೇಟಾಬೇಸ್ ನಡೆಸುವವರಿಗೆ ನನ್ನಲ್ಲಿ ಪರಿಹಾರವಿಲ್ಲ, ಕೇಬಲ್ ಎಳೆಯಿರಿ.

ಬಳಕೆದಾರರ ಯಂತ್ರದಲ್ಲೇ ಸಿಕ್ಕಿಬೀಳುವ ಕೆಲವು

ಆಕ್ಸೆಸ್‌ಗೆ ಹೊಸ ಸರ್ವರಿನ ದಾರಿ ನಂಬಿಕೆಯ ಜಾಗವಲ್ಲ. ಟ್ರಸ್ಟ್ ಸೆಂಟರ್‌ನಲ್ಲಿ ನೆಟ್‌ವರ್ಕ್ ಜಾಗಗಳಿಗೆ ಒಪ್ಪಿಗೆ ಕೊಟ್ಟು ಹೊಸ ದಾರಿ ಸೇರಿಸದಿದ್ದರೆ ಮ್ಯಾಕ್ರೊಗಳು ಓಡುವುದಿಲ್ಲ. ಅಡ್ಮಿನ್ ಆಗಿ ತೆರೆದ ಪ್ರೋಗ್ರಾಂಗೆ ಸಾಮಾನ್ಯ ಬಳಕೆದಾರರು ಮ್ಯಾಪ್ ಮಾಡಿದ ಡ್ರೈವ್ ಕಾಣುವುದಿಲ್ಲ, ಹಾಗಾಗಿ ಡ್ರೈವ್ ಅಕ್ಷರದ ಬದಲು ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿ ಬಳಸಿ. ಓಡಿಬಿಸಿ 32 ಬಿಟ್ ಮತ್ತು 64 ಬಿಟ್ ಎಂದು ಎರಡಿದೆ. 64 ಬಿಟ್ ವಿಂಡೋಸ್‌ನಲ್ಲಿ ಹೆಸರು ನೋಡಿ ಮೋಸಹೋಗಬೇಡಿ: 32 ಬಿಟ್‌ನದು ಇರುವುದು ಸಿಸ್‌ವಾವ್64 ಫೋಲ್ಡರಿನಲ್ಲಿ, 64 ಬಿಟ್‌ನದು ಸಿಸ್ಟಮ್32ರಲ್ಲಿ.

ಎಸ್‌ಕ್ಯುಎಲ್ ಸರ್ವರ್, ಮೈಎಸ್‌ಕ್ಯುಎಲ್, ಇತರರು

ಇಲ್ಲಿ ಫೈಲ್ ತೆರೆಯುವುದು ಬಳಕೆದಾರರಲ್ಲ, ಡೇಟಾಬೇಸ್ ಸೇವೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ 5120 ಅಥವಾ 5123 ಬಂದರೆ ಆ ಸಾಲಿನೊಳಗೆ ಆವರಣದ ಬಳಿ ಕಾಣುವ ಆಪರೇಟಿಂಗ್ ಸಿಸ್ಟಮ್ ಸಂಖ್ಯೆಯನ್ನು ಓದಿ. ಹೆಜ್ಜೆ 1ರ ಅದೇ 5, ಅದೇ 32 ಅಲ್ಲಿರುತ್ತವೆ. 5 ಆದರೆ ಸೇವೆ ಓಡುವ ಅಕೌಂಟಿಗೆ ಡೇಟಾ ಫೋಲ್ಡರಿನ ಅನುಮತಿ ಕೊಡಿ. ಹೊಸ ಆವೃತ್ತಿಗೆ ಒಮ್ಮೆ ಜೋಡಿಸಿದ ಡೇಟಾಬೇಸನ್ನು ಹಳೆಯ ಆವೃತ್ತಿಗೆ ಮರಳಿ ಜೋಡಿಸಲು ಆಗುವುದಿಲ್ಲ, ಅಲ್ಲಿ 948 ಎದುರಾಗುತ್ತದೆ. ಹಿಂದಿರುಗುವ ಯೋಚನೆಯಿದ್ದರೆ ಹಳೆಯ ಬ್ಯಾಕಪ್ ಉಳಿಸಿಕೊಂಡಿರಿ.

ಲಿನಕ್ಸ್‌ನ ಮೈಎಸ್‌ಕ್ಯುಎಲ್ ಲಾಗ್‌ನಲ್ಲಿ 13 ಎಂಬ ಸಂಖ್ಯೆ ಅನುಮತಿಯದು. ಫೋಲ್ಡರಿನ ಮಾಲೀಕರು ಸರಿಯಿದ್ದೂ ಅದೇ ಬಂದರೆ ಎಸ್‌ಇಲಿನಕ್ಸ್ ಅಥವಾ ಆಪ್‌ಆರ್ಮರ್ ಎಂಬ ಲಿನಕ್ಸ್ ಭದ್ರತಾ ವ್ಯವಸ್ಥೆ ತಡೆಯುತ್ತಿದೆ. ಪೋಸ್ಟ್‌ಗ್ರೆಸ್ ಇದಕ್ಕೆ ವಿರುದ್ಧ ಸ್ವಭಾವದ್ದು: ಡೇಟಾ ಫೋಲ್ಡರಿಗೆ ಅನುಮತಿ ಹೆಚ್ಚಾದರೇ ಅದು ಶುರುವಾಗುವುದಿಲ್ಲ, 0700 (ಮಾಲೀಕರಿಗೆ ಮಾತ್ರ) ಅಥವಾ 0750 (ಗುಂಪಿಗೆ ಓದುವ ಹಕ್ಕೂ) ಇರಬೇಕು. ಎಸ್‌ಕ್ಯುಎಲೈಟ್ ಫೈಲನ್ನು ನೆಟ್‌ವರ್ಕ್ ಶೇರ್‌ನಲ್ಲಿಟ್ಟು ಹಲವರು ಬರೆಯುವುದು ಬೇಡ. ಬದಲಾವಣೆಯನ್ನು ಮೊದಲು ಬೇರೆ ಫೈಲಿನಲ್ಲಿ ಬರೆಯುವ ಅದರ ಡಬ್ಲ್ಯುಎಎಲ್ ವಿಧಾನವಂತೂ ನೆಟ್‌ವರ್ಕ್ ಫೈಲ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವುದೇ ಇಲ್ಲ.

ಕೊನೆಯ ಪರೀಕ್ಷೆ

ಇಬ್ಬರು ಸಾಮಾನ್ಯ ಬಳಕೆದಾರರನ್ನು ಬೇರೆಬೇರೆ ಯಂತ್ರಗಳಲ್ಲಿ ಕೂರಿಸಿ. ಇಬ್ಬರೂ ಡೇಟಾಬೇಸ್ ತೆರೆಯಲಿ, ಒಂದೇ ಟೇಬಲ್ಲಿನಲ್ಲಿ ಒಂದೊಂದು ದಾಖಲೆ ಸೇರಿಸಲಿ, ಒಬ್ಬರದು ಇನ್ನೊಬ್ಬರಿಗೆ ಕಾಣಲಿ. ಹೊಸ ಸರ್ವರಿನ ಫೋಲ್ಡರಿನಲ್ಲಿ ಲಾಕ್ ಫೈಲ್ ಮೂಡಿರಬೇಕು. ಮೊದಲನೆಯವರು ಹೊರಬಂದಾಗ ಅದು ಉಳಿಯಬೇಕು, ಎರಡನೆಯವರೂ ಬಂದ ಮೇಲೆ ತಾನಾಗಿ ಮಾಯವಾಗಬೇಕು. ಅದು ಮಾಯವಾದ ಮೇಲೆಯೇ ಉಳಿದವರಿಗೆ ಲಾಗಿನ್ ಆಗಲು ಹೇಳಿ.